ಘೋರಗಾನದಲ್ಲಿ ಕರುಣ: ವೈಟ್‌ಚಾಪೆಲ್ ತಂಡದ ‘ದಿ ವ್ಯಾಲಿ’

೧

ಹಾಡಿನಲ್ಲಿ ಮಾತು ಇರುವುದು ಕೇಳುವವನಿಗೆ ತಿಳಿಯಲೆಂದು ಎಂಬುದು ಸಾಮಾನ್ಯವಾದ ಎಣಿಕೆ. ಈ ಎಣಿಕೆಯನ್ನು ಬುಡಮೇಲು ಮಾಡಿರುವ ಸಂಗೀತಪ್ರಕಾರವೊಂದುಂಟು; ಅದಕ್ಕೆ ಡೆತ್‌ಕೋರ್ ಎಂದು ಹೆಸರು. ಅದರಲ್ಲಿ ಗಾಯಕನು ಸಾಹಿತ್ಯವನ್ನು ಶ್ರದ್ಧೆಯಿಂದ ರಚಿಸುತ್ತಾನೆ. ರಚಿಸಿದುದನ್ನು ಒಂದು ಪದವೂ ಸ್ಪಷ್ಟವಾಗದಂತೆ ಗರ್ಜಿಸುತ್ತಾನೆ. ಆ ಮಾತುಗಳನ್ನು ತಿಳಿಯಬೇಕೆನ್ನುವವನು ಮುದ್ರಿತ ಪಾಠವನ್ನು ಎದುರಿಗಿಟ್ಟುಕೊಂಡು ಕೇಳಬೇಕಾಗುವುದು. ಇಂಥ ಪ್ರಕಾರದಲ್ಲಿ ಗಾಯಕನು ಒಂದು ದಿನ ಗರ್ಜನೆಯನ್ನು ನಿಲ್ಲಿಸಿ ತಿಳಿಯಾದ ಕಂಠದಿಂದ ಹಾಡತೊಡಗಿದರೆ ಅದು ಕೇವಲ ರಾಗದ ಮಾರ್ಪಾಡಲ್ಲ. ಇದುವರೆಗೆ ಮರೆಯಲ್ಲಿದ್ದ ಮಾತು ಹೊರಗೆ ಬಂದಂತಾಯಿತು.

ಅಮೆರಿಕಾ ಸಂಯುಕ್ತ ಸಂಸ್ಥಾನದ ಟೆನ್ನೆಸೀ ಪ್ರಾಂತದ ನಾಕ್ಸ್‌ವಿಲ್ ನಗರದ ವೈಟ್‌ಚಾಪೆಲ್ ಎಂಬ ತಂಡವು ೨೦೧೯ನೆಯ ಇಸವಿಯ ಮಾರ್ಚ್ ೨೯ರಂದು ‘ದಿ ವ್ಯಾಲಿ’, ಎಂದರೆ ‘ಕಣಿವೆ’, ಎಂಬ ತನ್ನ ಏಳನೆಯ ಧ್ವನಿಮುದ್ರಿತ ಸಂಕಲನವನ್ನು ಮೆಟಲ್ ಬ್ಲೇಡ್ ಸಂಸ್ಥೆಯ ಮೂಲಕ ಪ್ರಕಟಿಸಿತು. ಹತ್ತು ಹಾಡುಗಳ ಈ ಕೃತಿಯಲ್ಲಿ ಮೇಲೆ ಹೇಳಿದ ಸಂಗತಿಯು ನಡೆದಿದೆ. ಇದಕ್ಕೆ ಎರಡು ವರ್ಷಗಳ ಹಿಂದೆ ಇದೇ ಪ್ರಕಾರದ ಮತ್ತೊಂದು ತಂಡವು ತಿಳಿಗಂಠವನ್ನು ಬಳಸಿದಾಗ ಅಭಿಮಾನಿಗಳು ಸಿಡಿದೆದ್ದರು. ‘ದಿ ವ್ಯಾಲಿ’ಯನ್ನಾದರೋ ಆದರದಿಂದ ಬರಮಾಡಿಕೊಂಡರು. ಒಂದೇ ಬಗೆಯ ಪ್ರಯೋಗವು ಒಂದು ಕಡೆ ದೋಷವೆಂದೂ ಮತ್ತೊಂದು ಕಡೆ ಗುಣವೆಂದೂ ಎಣಿಸಲ್ಪಟ್ಟುದಕ್ಕೆ ಕಾರಣವೇನು? ಗಾಯಕನ ಬಾಳಿನ ದುಃಖಕ್ಕೆ ತೋರಿದ ಮರುಕವೇ ಕೃತಿಗೆ ಸಂದ ಮನ್ನಣೆಯಾಗಿ ಪರಿಣಮಿಸಿತೆ? ಈ ಎರಡು ಪ್ರಶ್ನೆಗಳ ವಿಚಾರವೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪ್ರಕಾರದ ಲಕ್ಷಣವನ್ನು ತಿಳಿಯುವುದು ಅವಶ್ಯಕ. ಡೆತ್ ಮೆಟಲ್ ಎಂಬ ಉಗ್ರಸಂಗೀತವೂ ಹಾರ್ಡ್‌ಕೋರ್ ಎಂಬ ಸಂಪ್ರದಾಯದಿಂದ ಬೆಳೆದ ಮೆಟಲ್‌ಕೋರ್ ಎಂಬುದೂ ಒಂದನ್ನೊಂದು ಕೂಡಿ, ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಡೆತ್‌ಕೋರ್ ರೂಪುಗೊಂಡಿತು. ಮೊದಲನೆಯದರಿಂದ ಅದು ಪಡೆದುದು ಅತಿವೇಗದ ಮದ್ದಳೆಗತ್ತು, ತಗ್ಗಿದ ಶ್ರುತಿಯ ಗಿಟಾರುಗಳು, ಗರ್ಜನೆ. ಎರಡನೆಯದರಿಂದ ಪಡೆದುದು ಬ್ರೇಕ್‌ಡೌನ್ ಎಂಬ ಭಾಗ. ವೇಗವಾಗಿ ಓಡುತ್ತಿರುವ ಹಾಡು ಇದ್ದಕ್ಕಿದ್ದಂತೆ ಕಾಲವನ್ನು ಇಳಿಸಿ, ಒಂದೆರಡು ಸ್ವರಗಳನ್ನೇ ಹಿಡಿದು, ಭಾರವಾದ ಒಡೆಗತ್ತಿನಲ್ಲಿ ಹೆಜ್ಜೆಯಿಡುವುದೇ ಬ್ರೇಕ್‌ಡೌನ್. ಸಭಿಕರು ಮೈಮರೆತು ಒಬ್ಬರನ್ನೊಬ್ಬರು ನೂಕಾಡಿ ಕುಣಿಯುವುದು ಆ ಘಟ್ಟದಲ್ಲಿಯೇ.

ಗರ್ಜನೆಯು ಕೇವಲ ಕಿರುಚಾಟವೆಂದು ಹೊರಗಿನವರು ಭಾವಿಸುವುದುಂಟು, ಅದು ಸರಿಯಲ್ಲ. ಗಂಟಲಿನಲ್ಲಿ ನಿಜವಾದ ಧ್ವನಿತಂತುಗಳ ಮೇಲುಗಡೆ ಇರುವ ಮಡಿಕೆಗಳನ್ನು ಕಂಪಿಸುವಂತೆ ಮಾಡಿ, ಉಸಿರನ್ನು ಹತೋಟಿಯಲ್ಲಿಟ್ಟುಕೊಂಡು ಆ ನಾದವನ್ನು ಉತ್ಪಾದಿಸಬೇಕು. ದೀರ್ಘಾಭ್ಯಾಸವಿಲ್ಲದವನಿಗೆ ಅದು ಸಾಧಿಸದು. ವೈಟ್‌ಚಾಪೆಲ್ಲಿನ ಗಾಯಕ ಫಿಲ್ ಬೋಜ್‌ಮನ್‌ರವರು ಮಂದ್ರಸ್ಥಾಯಿಯ ಗರ್ಜನೆಯಲ್ಲಿ ಈ ಪ್ರಕಾರದ ಅಗ್ರಗಣ್ಯರಲ್ಲೊಬ್ಬರೆಂದು ಹೆಸರಾದವರು.

ಈ ಸಂಗೀತದ ವಸ್ತುವು ಬಹುಮಟ್ಟಿಗೆ ಕೊಲೆ, ಕೊಳೆತ, ಪಿಶಾಚ, ಪ್ರಳಯ. ಭಾರತೀಯ ಲಾಕ್ಷಣಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ರೌದ್ರ, ಬೀಭತ್ಸ, ಭಯಾನಕ ಎಂಬ ಮೂರು ರಸಗಳಿಗೆ ಮಾತ್ರ ಪ್ರವೇಶವುಂಟು. ಇವುಗಳಲ್ಲಿಯೂ ಒಂದು ಕೊರತೆ ಕಾಣಬರುವುದು. ಕ್ರೋಧವಿದ್ದರೂ ಆ ಕ್ರೋಧಕ್ಕೆ ಆಲಂಬನವು ಅಸ್ಪಷ್ಟ. ಜುಗುಪ್ಸೆಯಿದ್ದರೂ ಅದು ಪ್ರದರ್ಶನಕ್ಕಾಗಿ ತಂದಿಟ್ಟ ಸಾಮಗ್ರಿ. ವಿಭಾವವು ಹುರುಳಿಲ್ಲದಿದ್ದಾಗ ಅನುಭಾವವು ಎಷ್ಟೇ ಉಗ್ರವಾಗಿದ್ದರೂ ರಸವು ನಿಷ್ಪನ್ನವಾಗದು. ಕೇಳುವವನ ಮೈ ನಡುಗಬಹುದು, ಮನಸ್ಸು ಕದಲದು. ಈ ಪ್ರಕಾರದ ಎಷ್ಟೋ ಕೃತಿಗಳು ಕೆಲವು ವರ್ಷಗಳಲ್ಲಿಯೇ ಹಳಸಿದುದಕ್ಕೆ ಇದು ಒಂದು ಕಾರಣ.

೩

ವೈಟ್‌ಚಾಪೆಲ್ ತಂಡವು ಸ್ಥಾಪಿತವಾದುದು ೨೦೦೬ರಲ್ಲಿ. ಲಂಡನ್ ನಗರದ ಯಾವ ಭಾಗದಲ್ಲಿ ೧೮೮೮ರಲ್ಲಿ ‘ಜ್ಯಾಕ್ ದಿ ರಿಪ್ಪರ್’ ಎಂದು ಕರೆಯಲ್ಪಟ್ಟ ಅಜ್ಞಾತ ಹಂತಕನು ಹೆಂಗಸರನ್ನು ಕೊಂದನೋ ಆ ಭಾಗದ ಹೆಸರನ್ನೇ ತಂಡವು ತನಗೆ ಇಟ್ಟುಕೊಂಡಿತು. ೨೦೦೭ರಲ್ಲಿ ಹೊರಬಂದ ಮೊದಲ ಸಂಕಲನ ‘ದಿ ಸೊಮ್ಯಾಟಿಕ್ ಡಿಫೈಲ್‌ಮೆಂಟ್’ ಆ ಹಂತಕನ ಕಥೆಯಿಂದ ಸ್ಫೂರ್ತಿ ಪಡೆದು, ಕೊಲೆಗಾರನ ಬಾಯಲ್ಲಿಯೇ ಹೇಳಿಸಿದ ಕಥನ. ೨೦೦೮ರ ‘ದಿಸ್ ಈಸ್ ಎಕ್ಸೈಲ್’ ಎಂಬುದರಿಂದ ತಂಡದ ಕೀರ್ತಿ ಹಬ್ಬಿತು. ಮೂವರು ಗಿಟಾರುವಾದಕರು ಒಟ್ಟಿಗೆ ನುಡಿಸುವುದರಿಂದ ಉಂಟಾಗುವ ನಾದದ ದಪ್ಪವು ಈ ತಂಡದ ವೈಶಿಷ್ಟ್ಯ.

ಆ ಮೊದಲ ಸಂಕಲನದಲ್ಲಿ ‘ನಾನು’ ಎಂದು ನುಡಿಯುವವನು ನೂರು ವರ್ಷಗಳಿಗೂ ಹಿಂದಿನ, ಸಮುದ್ರದಾಚೆಯ ಹಂತಕ. ‘ದಿ ವ್ಯಾಲಿ’ಯಲ್ಲಿ ‘ನಾನು’ ಎಂದು ನುಡಿಯುವವನು ಟೆನ್ನೆಸೀ ಪ್ರಾಂತದ ಹಾರ್ಡಿನ್ ವ್ಯಾಲಿ ಎಂಬ ಊರಿನ ಒಬ್ಬ ಹುಡುಗ. ಹನ್ನೆರಡು ವರ್ಷಗಳಲ್ಲಿ ಆದ ಈ ಪಯಣವೇ ತಂಡದ ಸಾಹಿತ್ಯಚರಿತ್ರೆ. ಹಿಂಸೆ ಮಾಡುವವನ ಬಾಯಿಂದ ಹಿಂಸೆಯನ್ನು ಕಂಡವನ ಬಾಯಿಗೆ ಕಥೆ ವರ್ಗವಾಯಿತು. ಗರ್ಜನೆ ಅದೇ, ಆದರೆ ಗರ್ಜಿಸುವವನು ಬೇರೆ.

ಈ ಮಾರ್ಪಾಡು ಒಮ್ಮೆಗೇ ಆದುದಲ್ಲ. ೨೦೧೬ರ ‘ಮಾರ್ಕ್ ಆಫ್ ದಿ ಬ್ಲೇಡ್’ ಎಂಬ ಸಂಕಲನದಲ್ಲಿಯೇ ‘ಬ್ರಿಂಗ್ ಮಿ ಹೋಮ್’ ಎಂಬ ಹಾಡಿನಲ್ಲಿ ಬೋಜ್‌ಮನ್‌ರವರು ತಿಳಿಗಂಠವನ್ನು ಬಳಸಿದ್ದರು. ಕೆಲವರು ಮೆಚ್ಚಿದರು, ಕೆಲವರು ಮುಖ ಸಿಂಡರಿಸಿದರು. ಆ ಹಾಡು ಸಂಕಲನದ ಉಳಿದ ಹಾಡುಗಳೊಡನೆ ಬೆಸೆದುಕೊಳ್ಳದೆ ಒಂಟಿಯಾಗಿ ನಿಂತಿತ್ತಾದುದರಿಂದ ಮುಖ ಸಿಂಡರಿಸಿದವರ ಆಕ್ಷೇಪಣೆಯು ತೀರ ನಿರಾಧಾರವೆಂದು ಹೇಳಲಾಗದು.

೪

‘ದಿ ವ್ಯಾಲಿ’ಯ ವಸ್ತುವು ಗಾಯಕರ ಬಾಲ್ಯ. ಎಳವೆಯಲ್ಲಿಯೇ ತಂದೆಯನ್ನೂ, ಮುಂದೆ ಪ್ರಾಯಕ್ಕೆ ಬರುವ ಮೊದಲೇ ತಾಯಿಯನ್ನೂ ಕಳೆದುಕೊಂಡುದು, ತಾಯಿಯ ಮನೋರೋಗ, ಮನೆಯೊಳಗೆ ಹೊಕ್ಕ ಮಾದಕವ್ಯಸನ ಮತ್ತು ಕ್ರೌರ್ಯ ಇವುಗಳನ್ನು ಅವರು ಬಹಿರಂಗವಾಗಿ ಹೇಳಿದ್ದಾರೆ. ತಾಯಿಯು ಬರೆದಿಟ್ಟಿದ್ದ ದಿನಚರಿಗಳು ಸಾಹಿತ್ಯಕ್ಕೆ ಆಧಾರವಾದುವೆಂಬುದೂ ತಿಳಿದ ಸಂಗತಿಯೇ. ಶೀರ್ಷಿಕೆಯು ಒಂದು ಊರಿನ ಹೆಸರು; ಅದರೊಡನೆಯೇ ಇಂಗ್ಲಿಷ್ ಬಲ್ಲ ಕ್ರೈಸ್ತ ಶ್ರೋತೃವಿಗೆ ಬೈಬಲ್ಲಿನ ಕೀರ್ತನೆಗಳಲ್ಲಿ ಮೃತ್ಯುಭಯದ ಪ್ರತೀಕವಾಗಿ ಬರುವ ಕಣಿವೆಯನ್ನೂ ನೆನಪಿಗೆ ತರುವುದು.

ಕೃತಿಯ ಶಿಲ್ಪದಲ್ಲಿ ಮೊದಲು ಗಮನಿಸತಕ್ಕದ್ದು ತಿಳಿಗಂಠವು ಬರುವ ಸ್ಥಾನ. ಅದು ಮುಖ್ಯವಾಗಿ ಒಂದನೆಯ, ನಾಲ್ಕನೆಯ ಮತ್ತು ಎಂಟನೆಯ ಹಾಡುಗಳಲ್ಲಿ ಬರುವುದು. ‘ವೆನ್ ಎ ಡೀಮನ್ ಡಿಫೈಲ್ಸ್ ಎ ವಿಚ್’ ಎಂಬ ಮೊದಲನೆಯ ಹಾಡು ಮೆಲುದನಿಯ ಗಿಟಾರಿನಿಂದ ಆರಂಭವಾಗಿ ಗರ್ಜನೆಗೆ ಏರುತ್ತದೆ. ನಡುವೆ ಇದ್ದಕ್ಕಿದ್ದಂತೆ ತಗ್ಗಿ, ನೊಂದ ತಿಳಿಗಂಠವು ಕೇಳಿಬರುತ್ತದೆ. ಬಳಿಕ ಮತ್ತೆ ಉಗ್ರತೆಯಲ್ಲಿ ಮುಳುಗಿಹೋಗುತ್ತದೆ. ಮುಂದೆ ಬರುವ ಇಡೀ ಕೃತಿಯ ಬೀಜವು ಇಲ್ಲಿದೆ. ಕ್ರೋಧದ ಒಳಗೆ ಯಾರೋ ಅಳುತ್ತಿರುವರೆಂಬ ಸೂಚನೆಯನ್ನು ಮೊದಲಲ್ಲಿಯೇ ಕೊಟ್ಟು, ಕೂಡಲೆ ಬಾಗಿಲನ್ನು ಮುಚ್ಚಿದಂತಾಗಿದೆ. ‘ಫರ್ಗಿವ್‌ನೆಸ್ ಈಸ್ ವೀಕ್‌ನೆಸ್’ ಮತ್ತು ‘ಬ್ರಿಮ್‌ಸ್ಟೋನ್’ ಎಂಬ ಮುಂದಿನ ಎರಡು ಹಾಡುಗಳಲ್ಲಿ ಆ ಬಾಗಿಲು ತೆರೆಯದು. ಕ್ಷಮೆಯೆಂಬುದು ದೌರ್ಬಲ್ಯವೆನ್ನುವ ಮೊದಲನೆಯದರ ಶೀರ್ಷಿಕೆಯೇ ಹಠ ಹಿಡಿದ ಮನಸ್ಸನ್ನು ತೋರುವುದು. ನಾಲ್ಕನೆಯದಾದ ‘ಹಿಕರಿ ಕ್ರೀಕ್’ನಲ್ಲಿ ಬಾಗಿಲು ಪೂರ್ತಿಯಾಗಿ ತೆರೆಯುವುದು, ಅಲ್ಲಿ ಗರ್ಜನೆಯೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ತಿಳಿಗಂಠದಲ್ಲಿ ಹಾಡಿದ ಹಾಡು ಈ ತಂಡದ ಕೃತಿಗಳಲ್ಲಿ ಇದೇ ಮೊದಲು. ಎಂಟನೆಯದಾದ ‘ಥರ್ಡ್ ಡೆಪ್ತ್’ನಲ್ಲಿ ತಿಳಿಗಂಠವೂ ಗರ್ಜನೆಯೂ ಒಂದರ ಬೆನ್ನ ಮೇಲೆ ಒಂದು ಬರುವುವು, ‘ಮೂರನೆಯ ಆಳ’ ಎಂಬ ಹೆಸರು ಸೂಚಿಸುವಂತೆ ಪದರಪದರವಾಗಿ ಒಡೆದ ಮನಸ್ಸಿಗೆ ಇದಕ್ಕಿಂತ ತಕ್ಕ ಧ್ವನಿರೂಪವನ್ನು ಕಲ್ಪಿಸುವುದು ಕಷ್ಟ. ಒಂದೇ ಗಂಟಲಿನಲ್ಲಿ ಇಬ್ಬರು ಮಾತನಾಡಿದಂತೆ ಕೇಳಿಸುವುದು ಇಲ್ಲಿ ಚಮತ್ಕಾರವಲ್ಲ, ವಸ್ತುವಿನ ಅಗತ್ಯ. ಕೊನೆಯ ‘ಡೂಮ್ ವುಡ್ಸ್’ ನಿಧಾನಗತಿಯಲ್ಲಿ ಕಾಡಿನೊಳಗೆ ಕರೆದೊಯ್ದು ಬಿಡುತ್ತದೆ. ಸಮಾಧಾನದ ಭರತವಾಕ್ಯವೇನೂ ಇಲ್ಲ.

ಎರಡನೆಯದಾಗಿ ಗಮನಿಸತಕ್ಕದ್ದು ಈ ಹಾಡುಗಳ ಪ್ರತಿಮಾಸಾಮಗ್ರಿ. ಪಿಶಾಚಿ, ಮಾಟಗಾತಿ, ಗಂಧಕದ ಬೆಂಕಿ, ಕರಿಯ ಕರಡಿ, ಕೇಡಿನ ಕಾಡು ಎಂಬಿವು ಶೀರ್ಷಿಕೆಗಳಲ್ಲಿಯೇ ಕಾಣಬರುವುವು. ಡೆತ್‌ಕೋರಿನ ಭಂಡಾರದಲ್ಲಿ ಇಂಥ ಭೂತಪ್ರೇತಗಳಿಗೆ ಕೊರತೆಯಿಲ್ಲವಾದುದರಿಂದ ಇವು ರೂಢಿಯ ಅಲಂಕಾರಗಳೇ ಎಂದು ಮೊದಲ ನೋಟಕ್ಕೆ ತೋರಬಹುದು. ವಿಚಾರಿಸಿ ನೋಡಿದರೆ ಹಾಗಲ್ಲ. ದೊಡ್ಡವರ ವ್ಯಸನಕ್ಕೂ ರೋಗಕ್ಕೂ ಕ್ರೌರ್ಯಕ್ಕೂ ಹೆಸರನ್ನು ತಿಳಿಯದ ಮಗುವು ಅವನ್ನು ಯಾವ ಹೆಸರಿನಿಂದ ಕರೆದೀತು? ಅಜ್ಜಿಕಥೆಯಲ್ಲಿ ಕೇಳಿದ ಹೆಸರುಗಳಿಂದಲೇ. ಮನೆಯ ಒಳಗೆ ಬಂದವನು ಪಿಶಾಚಿ. ಗುರುತು ಸಿಗದಂತೆ ಬದಲಾದ ತಾಯಿ ಮಾಟಗಾತಿ. ಮನೆಯ ಹೊರಗಿನ ಮರಗಳು ಕೇಡಿನ ಕಾಡು. ಯಾವ ಸಾಮಗ್ರಿಯು ಪ್ರಕಾರದಲ್ಲಿ ಬರಿಯ ವೇಷಭೂಷಣವಾಗಿತ್ತೋ ಅದು ಇಲ್ಲಿ ಮಗುವಿನ ಕಣ್ಣಿನ ಸತ್ಯವಾಗಿದೆ. ಹಳೆಯ ಕವಿಸಮಯವನ್ನು ಬಿಸುಡದೆ ಅದಕ್ಕೆ ಹೊಸ ಜೀವವನ್ನು ತುಂಬುವುದು ಉತ್ತಮಕವಿಯ ಲಕ್ಷಣವೆಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ಹೇಳಬೇಕಾಗಿಲ್ಲ.

ಭರತನು ನಾಟ್ಯಶಾಸ್ತ್ರದಲ್ಲಿ ರೌದ್ರದಿಂದ ಕರುಣವು ಹುಟ್ಟುವುದೆಂದು ಹೇಳಿದ್ದಾನೆ. ರೌದ್ರದ ಕಾರ್ಯವೇ, ಎಂದರೆ ಕೊಲೆ, ಬಂಧನ ಮೊದಲಾದುವೇ, ಮತ್ತೊಬ್ಬನ ಕರುಣಕ್ಕೆ ಕಾರಣವೆಂಬುದು ಅದರ ತಾತ್ಪರ್ಯ. ಡೆತ್‌ಕೋರ್ ತನ್ನ ಮೊದಲ ಹತ್ತು ವರ್ಷಗಳಲ್ಲಿ ರೌದ್ರದ ಕರ್ತೃವನ್ನು ಮಾತ್ರ ಕಂಡಿತ್ತು. ಆ ಕಾರ್ಯದ ಇನ್ನೊಂದು ತುದಿಯಲ್ಲಿರುವವನನ್ನು ಕಂಡಿರಲಿಲ್ಲ. ‘ದಿ ವ್ಯಾಲಿ’ಯು ಆ ಮತ್ತೊಂದು ತುದಿಗೆ ಹೋಗಿ ನಿಂತಿತು. ಕರುಣವು ಇಲ್ಲಿ ಹೊರಗಿನಿಂದ ಎರವಲು ತಂದ ರಸವಲ್ಲ; ಪ್ರಕಾರದ ಸ್ಥಾಯಿಯಾದ ಕ್ರೋಧದಿಂದಲೇ ಒಸರಿದುದು.

೫

ಇನ್ನು ಕೃತಿಗೆ ದೊರೆತ ಸ್ವಾಗತದ ವಿಷಯ. ಹೋಲಿಕೆಗಾಗಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ನಗರದ ಸೂಯಿಸೈಡ್ ಸೈಲೆನ್ಸ್ ಎಂಬ ತಂಡವನ್ನು ತೆಗೆದುಕೊಳ್ಳಬಹುದು. ಆ ತಂಡದ ಗಾಯಕ ಮಿಚ್ ಲಕ್ಕರ್‌ರವರು ೨೦೧೨ರ ನವೆಂಬರ್ ೧ರಂದು ಮೋಟಾರು ಸೈಕಲ್ಲಿನ ಅಪಘಾತದಿಂದ ತೀರಿಕೊಂಡರು. ಅವರ ಸ್ಥಾನಕ್ಕೆ ಎಡ್ಡಿ ಹರ್ಮಿಡಾರವರು ಬಂದರು. ೨೦೧೭ರ ಫೆಬ್ರವರಿ ೨೪ರಂದು, ಕಾರ್ನ್ ಮತ್ತು ಸ್ಲಿಪ್‌ನಾಟ್ ತಂಡಗಳ ಮೊದಲ ಸಂಕಲನಗಳನ್ನು ನಿರ್ಮಿಸಿ ಹೆಸರಾಗಿದ್ದ ರಾಸ್ ರಾಬಿನ್ಸನ್‌ರವರ ನಿರ್ದೇಶನದಲ್ಲಿ, ತಂಡದ ಹೆಸರನ್ನೇ ಹೊತ್ತ ಸಂಕಲನವೊಂದು ಹೊರಬಂದಿತು. ಅದರಲ್ಲಿ ತಿಳಿಗಂಠವು ಹೇರಳವಾಗಿತ್ತು. ಮುಂಚಿತವಾಗಿ ಬಿಡುಗಡೆಯಾದ ‘ಡೋರಿಸ್’ ಎಂಬ ಹಾಡನ್ನು ಕೇಳಿದೊಡನೆಯೇ ಅಭಿಮಾನಿಗಳು ರೇಗಿದರು. ಆ ಹಾಡಿನಲ್ಲಿ ಗಾಯಕರು ಮಾಡಿದ ಕಿಸಿಕಿಸಿ ನಗೆಯ ಶಬ್ದವು ಪರಿಹಾಸ್ಯಕ್ಕೆ ಗುರಿಯಾಯಿತು. ಸಂಕಲನವನ್ನೇ ಪ್ರಕಟಿಸಕೂಡದೆಂಬ ಒಂದು ಮನವಿಪತ್ರಕ್ಕೆ ಸಹಿಗಳನ್ನು ಕೂಡಿಸುವವರೆಗೂ ಸಂಗತಿ ಬೆಳೆಯಿತು. ೨೦೨೦ರಲ್ಲಿ ‘ಬಿಕಮ್ ದಿ ಹಂಟರ್’ ಎಂಬ ಸಂಕಲನದೊಡನೆ ತಂಡವು ಹಳೆಯ ಮಾರ್ಗಕ್ಕೆ ಮರಳಿತು.

ಈ ಪ್ರಕರಣವನ್ನು ಕಂಡವರು ಡೆತ್‌ಕೋರಿನ ಅಭಿಮಾನಿಗಳು ಮಾರ್ಪಾಡನ್ನೇ ಸಹಿಸಲಾರರೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಆದರೆ ಎರಡು ವರ್ಷಗಳ ತರುವಾಯ ಅದೇ ಶ್ರೋತೃವರ್ಗವು ‘ಹಿಕರಿ ಕ್ರೀಕ್’ ಎಂಬ ಗರ್ಜನೆಯಿಲ್ಲದ ಹಾಡನ್ನು ಒಪ್ಪಿಕೊಂಡಿತು. ವಿಮರ್ಶಕರಲ್ಲಿ ಬಹುಮಂದಿ ‘ದಿ ವ್ಯಾಲಿ’ಯನ್ನು ತಂಡದ ಅತ್ಯುತ್ತಮ ಕೃತಿಗಳ ಸಾಲಿನಲ್ಲಿಟ್ಟರು. ಹಳೆಯ ಕಟುತ್ವವು ಕಡಮೆಯಾಯಿತೆಂದು ಗೊಣಗಿದವರು ಇಲ್ಲದಿರಲಿಲ್ಲ. ಆದರೆ ಅವರ ಸಂಖ್ಯೆ ಅಲ್ಪ. ಆದುದರಿಂದ ಮೇಲಿನ ತೀರ್ಮಾನವು ನಿಲ್ಲದು.

ಭೇದವಿರುವುದು ಔಚಿತ್ಯದಲ್ಲಿ. ಕ್ಷೇಮೇಂದ್ರನ ಮತದಂತೆ ಕಾವ್ಯದ ಯಾವ ಅಂಗವೂ ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಸ್ಥಾನವನ್ನು ಅನುಸರಿಸಿ ಅದು ಗುಣವೋ ದೋಷವೋ ಆಗುವುದು. ಸೂಯಿಸೈಡ್ ಸೈಲೆನ್ಸ್ ತಂಡದ ಸಂಕಲನದಲ್ಲಿ ತಿಳಿಗಂಠವು ಸ್ವಾತಂತ್ರ್ಯದ ಘೋಷಣೆಯಾಗಿತ್ತು. ತಾವು ಬೇಕಾದುದನ್ನು ಹಾಡಬಲ್ಲೆವೆಂದು ತೋರಿಸುವುದೇ ಅದರ ಮುಖ್ಯ ಪ್ರಯೋಜನವೆಂಬಂತೆ ಕೇಳಿಸಿತು. ಅದು ಕಲಾವಿದರ ಹಕ್ಕು ನಿಜ. ಹಕ್ಕನ್ನು ಚಲಾಯಿಸಿದ ಮಾತ್ರಕ್ಕೆ ಕೃತಿಯು ಸಿದ್ಧಿಸುವುದಿಲ್ಲ. ‘ದಿ ವ್ಯಾಲಿ’ಯಲ್ಲಿ ತಿಳಿಗಂಠವು ಬರುವುದು ಹೇಳಬೇಕಾದ ಮಾತು ಗರ್ಜನೆಯ ಮರೆಯಲ್ಲಿ ಇರಲಾರದೆ ಹೊರಬಂದಾಗ. ಶ್ರೋತೃಗಳು ತಿರಸ್ಕರಿಸಿದುದು ತಿಳಿಗಂಠವನ್ನಲ್ಲ, ನಿಷ್ಕಾರಣವಾದ ತಿಳಿಗಂಠವನ್ನು. ಆದರೂ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು. ಮೊದಲನೆಯ ತಂಡಕ್ಕೆ ಮೃತಗಾಯಕನ ಸ್ಮೃತಿಯ ಹೊರೆಯಿತ್ತು. ಹೊಸಬನ ಕಂಠವು ಸ್ವಲ್ಪ ಬದಲಾದರೂ ಅಗಲಿದವನಿಗೆ ದ್ರೋಹವಾಯಿತೆಂದು ಭಾವಿಸುವ ಜನ ಬಹಳವಿದ್ದರು. ಬೋಜ್‌ಮನ್‌ರವರಿಗೆ ಆ ಹೊರೆ ಇರಲಿಲ್ಲ. ಕೃತಿಯನ್ನು ಕೇಳುವ ಮೊದಲೇ ಅದರ ಪ್ರಕಟನೆಯನ್ನು ತಡೆಯಹೊರಟವರನ್ನು ಸಹೃದಯರೆಂದು ಕರೆಯಲಾಗದು.

೬

ಈಗ ಎರಡನೆಯ ಪ್ರಶ್ನೆ. ‘ದಿ ವ್ಯಾಲಿ’ಗೆ ದೊರೆತ ಮನ್ನಣೆಯು ಕೃತಿಗೆ ಸಂದುದೋ ಗಾಯಕರ ಬಾಳಿಗೆ ಸಂದುದೋ? ಅನೇಕ ವಿಮರ್ಶೆಗಳು ಹಾಡುಗಳಿಗಿಂತ ಹೆಚ್ಚಾಗಿ ಜೀವನವೃತ್ತಾಂತವನ್ನೇ ವಿಸ್ತರಿಸಿದುದರಿಂದ ಈ ಸಂಶಯಕ್ಕೆ ಎಡೆಯಾಗಿದೆ. ನಿಜವಾಗಿ ನಡೆದುದೆಂಬ ಕಾರಣದಿಂದ ದುಃಖವು ಕಾವ್ಯವಾಗದು. ನೆರೆಯವನ ಅಳಲನ್ನು ಕಂಡಾಗ ನೆರವಾಗಬೇಕೆನಿಸುವುದೇ ಹೊರತು ರಸಾನುಭವವಾಗುವುದಿಲ್ಲ. ಭಟ್ಟನಾಯಕನು ಸಾಧಾರಣೀಕರಣವೆಂಬ ತತ್ತ್ವವನ್ನು ಪ್ರತಿಪಾದಿಸಿದುದು ಈ ತೊಡಕನ್ನು ಬಿಡಿಸುವುದಕ್ಕಾಗಿಯೇ. ‘ಇದು ಇವನದು’ ಎಂಬ ಕಟ್ಟು ಕಳಚಿ ಭಾವವು ಎಲ್ಲರದಾಗಬೇಕು.

ಆದುದರಿಂದ ಪರೀಕ್ಷೆಯು ಹೀಗೆ ನಡೆಯಬೇಕು: ಗಾಯಕರ ವೃತ್ತಾಂತವನ್ನು ಏನೂ ಅರಿಯದವನು ಈ ಹಾಡುಗಳನ್ನು ಕೇಳಿದರೆ ಏನುಳಿಯುವುದು? ಉಳಿಯುವುದು ಬಹಳವೆಂದೇ ಹೇಳಬೇಕು. ಹಾಡುಗಳಲ್ಲಿ ಹೆಸರುಗಳಿಲ್ಲ, ತಾರೀಖುಗಳಿಲ್ಲ, ದೂರುಪಟ್ಟಿಯಿಲ್ಲ. ಪಿಶಾಚಿ, ಮಾಟಗಾತಿ, ಕಾಡು ಎಂಬ ಹಳೆಯ ಕಥಾಪಾತ್ರಗಳು ವ್ಯಕ್ತಿವೃತ್ತಾಂತವನ್ನು ಮುಚ್ಚಿ ಅದನ್ನು ಎಲ್ಲ ಹೆದರಿದ ಮಕ್ಕಳ ಕಥೆಯನ್ನಾಗಿ ಮಾಡಿವೆ. ಪ್ರಕಾರವು ಕೊಟ್ಟ ಮುಖವಾಡವೇ ಇಲ್ಲಿ ಸಾಧಾರಣೀಕರಣಕ್ಕೆ ಸಾಧನವಾಯಿತು. ಗರ್ಜನೆಯ ಮರೆಯೂ ಅಂಥದೇ: ಮಾತು ತಿಳಿಯದಿರುವುದರಿಂದ ಅದು ಒಬ್ಬನ ಮಾತಾಗಿ ಉಳಿಯುವುದಿಲ್ಲ.

ತಾಯಿಯ ದಿನಚರಿಯ ವಿಷಯದಲ್ಲಿ ಮಾತ್ರ ಒಂದು ತೊಡಕು ಉಳಿದೇ ಇದೆ. ದಿನಚರಿಯೆಂಬುದು ಬರೆದವಳ ಏಕಾಂತ. ಆಕೆಯ ಒಪ್ಪಿಗೆಯನ್ನು ಕೇಳುವುದು ಇನ್ನು ಸಾಧ್ಯವಿಲ್ಲ. ಮಗನು ಅದನ್ನು ಸಾವಿರಾರು ಜನರ ಮುಂದೆ ಹಾಡಬಹುದೆ? ಇದಕ್ಕೆ ನಿಶ್ಚಿತವಾದ ಉತ್ತರವಿಲ್ಲ. ಆದರೆ ಹಾಡುವ ಕ್ರಮದಿಂದ ಒಂದಂಶವನ್ನು ತಿಳಿಯಬಹುದು. ತಾಯಿಯು ಇಲ್ಲಿ ಮಾಟಗಾತಿಯೆಂಬ ಹೆಸರಿನಿಂದ ಬಂದರೂ ತೀರ್ಪಿಗೆ ಗುರಿಯಾಗುವುದಿಲ್ಲ. ಕ್ಷಮೆಯನ್ನು ದೌರ್ಬಲ್ಯವೆಂದ ಕಂಠವೇ ಆಕೆಯ ಮನಸ್ಸಿನ ಆಳಕ್ಕೆ ಇಳಿಯುವಾಗ ಮೃದುವಾಗುತ್ತದೆ. ಶೀರ್ಷಿಕೆಯು ನಿರಾಕರಿಸಿದ ಕ್ಷಮೆಯನ್ನು ಕಂಠವು ಕೊಟ್ಟಿದೆ. ಕೃತಿಯ ಹೃದಯವು ಈ ವಿರೋಧದಲ್ಲಿದೆ.

೭

ದೋಷಗಳಿಲ್ಲವೆಂದಲ್ಲ. ‘ವಿ ಆರ್ ಒನ್’, ‘ದಿ ಅದರ್ ಸೈಡ್’ ಎಂಬ ಆರನೆಯ ಏಳನೆಯ ಹಾಡುಗಳು ವೇಗದಲ್ಲಿ ಸಮರ್ಥವಾಗಿದ್ದರೂ ಕಥನಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ; ಹಿಂದಿನ ಸಂಕಲನಗಳಿಂದ ಎತ್ತಿ ತಂದು ಇಟ್ಟಂತೆ ತೋರುವುವು. ಬ್ರೇಕ್‌ಡೌನುಗಳು ಕೆಲವೆಡೆ ಭಾವದ ಅಗತ್ಯದಿಂದಲ್ಲದೆ ಸಭಿಕರ ಅಭ್ಯಾಸಕ್ಕಾಗಿ ಬಂದಿವೆ. ಅಳು ಕೇಳಿಬರುತ್ತಿರುವಾಗ ಕುಣಿತಕ್ಕೆ ಕರೆಯುವುದು ರಸಭಂಗವೇ ಸರಿ.

ತಂಡವು ೨೦೨೧ರ ಅಕ್ಟೋಬರ್ ೨೯ರಂದು ‘ಕಿನ್’, ಎಂದರೆ ‘ಬಂಧು’, ಎಂಬ ಸಂಕಲನದಲ್ಲಿ ಇದೇ ಕಥೆಯನ್ನು ಮುಂದುವರಿಸಿತು. ಅಲ್ಲಿ ತಿಳಿಗಂಠಕ್ಕೆ ಇನ್ನೂ ಹೆಚ್ಚಿನ ಅವಕಾಶ ದೊರೆಯಿತು. ೨೦೨೫ರ ಮಾರ್ಚ್ ೭ರಂದು ಹೊರಬಂದ ‘ಹಿಮ್ಸ್ ಇನ್ ಡಿಸೊನೆನ್ಸ್’ ಎಂಬುದರಲ್ಲಾದರೋ ತಿಳಿಗಂಠವನ್ನು ಬಿಟ್ಟು, ‘ದಿಸ್ ಈಸ್ ಎಕ್ಸೈಲ್’ ಕಾಲದ ಉಗ್ರಮಾರ್ಗಕ್ಕೂ ವಸ್ತುವಿಗೂ ಹಿಂದಿರುಗಿತು. ಇದನ್ನು ಹಿಂಜರಿಕೆಯೆಂದು ಕೆಲವರು ಹೇಳಬಹುದು. ಆದರೆ ಮೇಲೆ ನಡೆಸಿದ ವಿಚಾರವು ಸರಿಯಾದರೆ ಹಾಗೆ ಹೇಳಲು ಕಾರಣವಿಲ್ಲ. ತಿಳಿಗಂಠವು ಒಂದು ಕಥೆಯನ್ನು ಹೇಳುವುದಕ್ಕಾಗಿ ಬಂದಿತ್ತು. ಕಥೆ ಮುಗಿದ ಮೇಲೆ ಅದು ನಿಂತಿತು. ಬೇಡವಾದೆಡೆ ಅದನ್ನು ಉಳಿಸಿಕೊಂಡಿದ್ದರೆ ಅದೇ ಅನೌಚಿತ್ಯವಾಗುತ್ತಿತ್ತು.

ಒಟ್ಟಿನಲ್ಲಿ ‘ದಿ ವ್ಯಾಲಿ’ಯು ನಿರ್ದುಷ್ಟವಾದ ಕೃತಿಯಲ್ಲದಿದ್ದರೂ ಸಣ್ಣ ಪ್ರಕಾರವೊಂದರ ಎಲ್ಲೆಯನ್ನು ಒಳಗಿನಿಂದಲೇ ವಿಸ್ತರಿಸಿದ ಕೃತಿ. ಘೋರಗಾನವೆಂದು ಬದಿಗಿಡಬಹುದಾದ ಸಂಗೀತದಲ್ಲಿಯೂ ರಸವಿಚಾರಕ್ಕೆ ತಕ್ಕ ಸಾಮಗ್ರಿ ದೊರೆಯುವುದೆಂಬುದಕ್ಕೂ, ಹಳೆಯ ಲಕ್ಷಣಶಾಸ್ತ್ರದ ಒರೆಗಲ್ಲು ಹೊಸ ಲೋಹಕ್ಕೂ ಸಲ್ಲುವುದೆಂಬುದಕ್ಕೂ ಅದು ಸಾಕ್ಷಿಯಾಗಿದೆ.